ಮಗಳಿಗೆ ಯಾವ ಕೋರ್ಸ್, ಆಫೀಸಿಗೆ ಯಾರು? ವ್ಯಕ್ತಿತ್ವ ಪರೀಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಮ್ಮ ಬೀದಿಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಕೈಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿದ ದಪ್ಪ ರಿಪೋರ್ಟ್. ಹುಡುಗಿಯ ಹತ್ತೂ ಬೆರಳನ್ನು ಸ್ಕ್ಯಾನರ್ ಮೇಲೆ ಒತ್ತಿಸಿಕೊಂಡು ಯಾರೋ ಮಾಡಿಕೊಟ್ಟದ್ದು. ಪುಟಪುಟಕ್ಕೂ ಬಣ್ಣದ ಪಟ್ಟಿಗಳು. 'ಲೆಕ್ಕದ ಬುದ್ಧಿ ಕಡಿಮೆಯಂತೆ, ಸೈನ್ಸ್ ಬೇಡ ಅಂತ ಬಂದಿದೆ, ಏನ್ ಮಾಡೋಣ?' ಎಂದು ಕೇಳಿದರು. ಹುಡುಗಿಗೆ ಗಣಿತದಲ್ಲಿ 100ಕ್ಕೆ 94 ಬಂದಿತ್ತು. ಆ ಅಂಕಪಟ್ಟಿಯೂ ಅದೇ ಫೈಲಿನಲ್ಲಿತ್ತು.

ನನ್ನ ಕೆಲಸ ಸಣ್ಣ ಕಂಪನಿಗಳಿಗೆ ಜನರನ್ನು ಆರಿಸಿಕೊಡುವುದು. ಹಾಗಾಗಿ ಇಂಥ ರಿಪೋರ್ಟುಗಳನ್ನು ಎರಡೂ ಕಡೆಯಿಂದ ನೋಡುತ್ತೇನೆ. ಒಂದು ಕಡೆ ಪಿಯುಸಿಗೆ ಪಿಸಿಎಂಬಿ ತಗೊಳ್ಳಬೇಕೋ ಕಾಮರ್ಸ್ ತಗೊಳ್ಳಬೇಕೋ ಎಂದು ಕೇಳುವ ಮಕ್ಕಳು. ಇನ್ನೊಂದು ಕಡೆ 'ಯಾವ ಟೆಸ್ಟ್ ಕೊಟ್ಟರೆ ಒಳ್ಳೆ ಜನ ಸಿಗ್ತಾರೆ?' ಎಂದು ಕೇಳುವ ಮಾಲೀಕರು. ಇಬ್ಬರಿಗೂ ನಾನು ಮೊದಲು ಹೇಳುವುದು ಒಂದೇ. ಪರೀಕ್ಷೆಯ ಹೆಸರು ಬಿಡಿ, ಅದು ಯಾವ ಪ್ರಶ್ನೆಗೆ ಉತ್ತರ ಹುಡುಕಲು ಹುಟ್ಟಿದ್ದು ಅಂತ ನೋಡಿ.

ನನಗೆ ಯಾವ ಕೆಲಸ ಇಷ್ಟವಾಗುತ್ತದೆ ಅನ್ನುವುದು ಒಂದು ಪ್ರಶ್ನೆ. ನಾನು ಎಂಥ ಮನುಷ್ಯ ಅನ್ನುವುದು ಇನ್ನೊಂದು. ಎದುರಿಗೆ ಕೂತವರು ಈ ಕೆಲಸ ಮಾಡಬಲ್ಲರಾ ಅನ್ನುವುದು ಮೂರನೆಯದು. ಒಂದಕ್ಕೆ ಮಾಡಿದ ಪರೀಕ್ಷೆಯಿಂದ ಇನ್ನೊಂದಕ್ಕೆ ಉತ್ತರ ತೆಗೆಯಲು ಹೋದಾಗಲೇ ಮಕ್ಕಳ ವರ್ಷ ಹಾಳಾಗುತ್ತದೆ, ಒಳ್ಳೆ ಅಭ್ಯರ್ಥಿಗಳು ಕೈತಪ್ಪುತ್ತಾರೆ.

ಬೆರಳಚ್ಚಿನ ಪರೀಕ್ಷೆ

ಡಿಎಂಐಟಿ ಎಂಬ ಈ ಪರೀಕ್ಷೆಯನ್ನು ಮೊದಲೇ ಬದಿಗಿಡೋಣ. ಬೆರಳಿನ ಗೆರೆಗಳು ಮಗು ಹೊಟ್ಟೆಯಲ್ಲಿರುವಾಗಲೇ ಮೂಡಿ ಮುಗಿಯುತ್ತವೆ. ಆಮೇಲೆ ಬದಲಾಗುವುದಿಲ್ಲ. ಮಗು ಏನು ಓದಿತು, ಯಾವ ಮೇಷ್ಟ್ರು ಸಿಕ್ಕರು, ಯಾವುದನ್ನು ಪ್ರೀತಿಸಿತು, ಇದು ಯಾವುದೂ ಆ ಗೆರೆಗೆ ಗೊತ್ತಾಗಲು ಸಾಧ್ಯವಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಹೊವಾರ್ಡ್ ಗಾರ್ಡ್ನರ್ 1983ರಲ್ಲಿ ಮುಂದಿಟ್ಟ 'ಬಹು ಬುದ್ಧಿಶಕ್ತಿ' (ಬುದ್ಧಿ ಒಂದೇ ಅಲ್ಲ, ಹಲವು ಬಗೆ) ಎಂಬ ವಿಚಾರವನ್ನು ತಂದು ಬೆರಳಚ್ಚಿಗೆ ಅಂಟಿಸಿದ್ದಾರೆ. ಎರಡಕ್ಕೂ ಸಂಬಂಧವಿದೆ ಎಂದು ತೋರಿಸುವ ಪುರಾವೆ ಇಲ್ಲ. ಭಾರತೀಯ ಮನೋವೈದ್ಯರ ಸಂಘವೇ ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಹೇಳಿದೆ. ಶಾಲೆಯಲ್ಲೇ ಕ್ಯಾಂಪ್ ಹಾಕಿದರೂ ಬೇಡ ಅನ್ನಿ. ಫೀಸಿಗೆ ಇಟ್ಟ ದುಡ್ಡನ್ನು ಇದಕ್ಕೆ ಹಾಕಬೇಡಿ.

'ಆದರೆ ಅದರಲ್ಲಿ ಬರೆದದ್ದೆಲ್ಲ ನನ್ನ ಮಗಳ ಹಾಗೇ ಇದೆಯಲ್ಲಾ' ಎಂದರು ಆ ತಾಯಿ. ಈ ಮಾತಿಗೆ ಹಳೆಯ ಉತ್ತರವಿದೆ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟ. ಒಂದು ವಾರ ಬಿಟ್ಟು ಪ್ರತಿಯೊಬ್ಬರ ಕೈಗೂ 'ಇದು ನಿನ್ನದೇ' ಎಂದು ಒಂದು ವರದಿ ಇಟ್ಟ. ಎಷ್ಟು ಸರಿಯಾಗಿದೆ ಎಂದು 5ಕ್ಕೆ ಅಂಕ ಹಾಕಲು ಹೇಳಿದ. ಸರಾಸರಿ 4.26 ಬಂತು. ಆಮೇಲೆ ನೋಡಿದರೆ ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಬರಹ, ಅದರ ಸಾಲುಗಳನ್ನು ಆತ ತೆಗೆದದ್ದು ಜ್ಯೋತಿಷ್ಯದ ಪುಸ್ತಕದಿಂದ. 'ಹೊರಗೆ ಧೈರ್ಯ ತೋರಿಸಿದರೂ ಒಳಗೊಳಗೆ ಅಳುಕು' ಎಂಬಂಥ ಮಾತು ಯಾರಿಗೆ ತಾನೇ ಹೊಂದುವುದಿಲ್ಲ? ಹಾಗಾಗಿ 'ನನಗೆ ಸರಿಹೊಂದಿತು' ಎನ್ನುವುದು ಯಾವ ಪರೀಕ್ಷೆಗೂ ಸರ್ಟಿಫಿಕೇಟ್ ಆಗುವುದಿಲ್ಲ. ಮುಂದಿನ ಪರೀಕ್ಷೆಗಳನ್ನು ನೋಡುವಾಗಲೂ ಇದು ನೆನಪಿರಲಿ.

ನಾಲ್ಕು ಅಕ್ಷರದ ಎಂಬಿಟಿಐ, ನಾಲ್ಕು ಬಣ್ಣದ ಡಿಸ್ಕ್

ಐಟಿ ಕಂಪನಿಗಳಲ್ಲಿ ಇರುವವರಿಗೆ ಎಂಬಿಟಿಐ ಹೊಸದಲ್ಲ. ಐಎನ್‌ಟಿಜೆ, ಇಎನ್‌ಎಫ್‌ಪಿ ಎಂದು ನಾಲ್ಕು ನಾಲ್ಕು ಅಕ್ಷರ ಕೊಟ್ಟು ಜನರನ್ನು ಹದಿನಾರು ಬಗೆ ಮಾಡುವ ಪರೀಕ್ಷೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಬರೆದ ವಿಚಾರಗಳನ್ನು ಹಿಡಿದು ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್ ಕಟ್ಟಿದ್ದು. ತಾಯಿ ಮಗಳು ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಅದೊಂದೇ ಕಾರಣಕ್ಕೆ ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಮೊದಲ ಬಾರಿ ಕೆಲಸಕ್ಕೆ ಹೊರಟ ಹೆಂಗಸರಿಗೆ ಹೊಂದುವ ಕೆಲಸ ಸಿಗಲಿ ಎಂಬ ಕಾಳಜಿಯೂ ಅದರ ಹಿಂದಿತ್ತು.

ತೊಂದರೆ ಇರುವುದು ಅಳತೆಯಲ್ಲಿ. ಮನುಷ್ಯರ ಎತ್ತರದ ಹಾಗೆ ಮಾತುಗಾರಿಕೆಯಲ್ಲೂ ಜಾಸ್ತಿ ಜನ ನಡುವೆಯೇ ಇರುತ್ತಾರೆ. ಈ ಪರೀಕ್ಷೆ ನಡುವೆ ಒಂದು ಗೆರೆ ಎಳೆದು, ಈ ಕಡೆಯವರು 'ಇ' (ಬಹಿರ್ಮುಖಿ), ಆ ಕಡೆಯವರು 'ಐ' (ಅಂತರ್ಮುಖಿ) ಅನ್ನುತ್ತದೆ. ಗೆರೆಯ ಪಕ್ಕದಲ್ಲೇ ಇರುವವರು ಇವತ್ತು ಈ ಕಡೆ, ಮುಂದಿನ ತಿಂಗಳು ಆ ಕಡೆ. ಕೆಲವು ವಾರ ಬಿಟ್ಟು ಮತ್ತೆ ಬರೆಸಿದ ಕೆಲವು ಅಧ್ಯಯನಗಳಲ್ಲಿ ಅರ್ಧದಷ್ಟು ಜನರಿಗೆ ಒಂದಾದರೂ ಅಕ್ಷರ ಬದಲಾಗಿದೆ. ಹದಿನೈದರ ಹುಡುಗನಿಗೆ 'ನೀನು ಐ, ಆದ್ದರಿಂದ ಮಾರ್ಕೆಟಿಂಗ್ ಬೇಡ' ಎಂದುಬಿಟ್ಟರೆ ಆ ಅಕ್ಷರ ಬದಲಾದರೂ ಮಾತು ಅವನ ಮನಸ್ಸಿನಿಂದ ಹೋಗುವುದಿಲ್ಲ.

ಇನ್ನೊಂದು ವಿಷಯ ಮಾಲೀಕರು ಗಮನಿಸಬೇಕು. ಎಂಬಿಟಿಐ ಮಾರುವ ಕಂಪನಿಯೇ ಇದನ್ನು ಕೆಲಸಕ್ಕೆ ಆರಿಸಲು ಬಳಸಬೇಡಿ ಎಂದು ಹೇಳುತ್ತದೆ. ತಯಾರಿಸಿದವರೇ ಬೇಡ ಎಂದ ಮೇಲೆ ನಾವು ಯಾಕೆ ಬಳಸಬೇಕು?

ನಡವಳಿಕೆಯನ್ನು ನಾಲ್ಕು ಬಗೆ ಮಾಡಿ ಒಂದೊಂದಕ್ಕೂ ಒಂದು ಬಣ್ಣ ಕೊಡುವ ಡಿಸ್ಕ್ ಕೂಡ ಇದೇ ಜಾತಿಯದು. ವಿಲಿಯಂ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞ 1928ರಲ್ಲಿ ಸಾಮಾನ್ಯ ಜನರ ಭಾವನೆಗಳ ಬಗ್ಗೆ ಬರೆದದ್ದನ್ನು ಬೇರೆಯವರು ಆಮೇಲೆ ಪರೀಕ್ಷೆ ಮಾಡಿದರು. ತಂಡದಲ್ಲಿ ಈಗಾಗಲೇ ಇರುವವರು ಒಂದು ಮಧ್ಯಾಹ್ನ ಕೂತು 'ನನಗೆ ವಿವರ ಬೇಕು, ನಿನಗೆ ಆತುರ, ಅದಕ್ಕೇ ನಮಗೆ ಜಗಳ' ಎಂದು ಮಾತಾಡಿಕೊಳ್ಳಲು ಈ ಎರಡೂ ನೆಪವಾಗುತ್ತವೆ. ಅಷ್ಟರಮಟ್ಟಿಗೆ ಸಂತೋಷ. ಅದರಾಚೆ ಬೇಡ.

ಇದನ್ನು ಗಟ್ಟಿಯಾಗಿ ಹೇಳಲು ನನಗೆ ಕಾರಣವಿದೆ. ಹಿಂದೆ ನಾನಿದ್ದ ಒಂದು ಆಫೀಸಿನಲ್ಲಿ ಅಕೌಂಟ್ಸ್ ಕೆಲಸಕ್ಕೆ ಒಬ್ಬ ಹೆಣ್ಣುಮಗಳು ಬಂದಿದ್ದರು. ದೊಡ್ಡ ಅಂಗಡಿಯೊಂದರ ಲೆಕ್ಕವನ್ನು ಆರು ವರ್ಷ ಒಬ್ಬರೇ ನೋಡಿಕೊಂಡವರು. ಬಣ್ಣದ ಪರೀಕ್ಷೆಯಲ್ಲಿ ಅವರಿಗೆ 'ಬದಲಾವಣೆಗೆ ಒಗ್ಗುವುದಿಲ್ಲ' ಎಂದು ಬಂತು. ಬೇಡವೆಂದು ಬರೆದ ಹಾಳೆಗೆ ನಾನೂ ಸಹಿ ಹಾಕಿದೆ. ಅವರ ಜಾಗಕ್ಕೆ ಬಂದವರು ಮೂರು ತಿಂಗಳೂ ನಿಲ್ಲಲಿಲ್ಲ. ಆ ಸಹಿಯ ಬಗ್ಗೆ ಇವತ್ತಿಗೂ ಬೇಜಾರಿದೆ. ಅವರ ಲೆಕ್ಕದ ಪುಸ್ತಕ ಹೇಗಿರುತ್ತದೆ ಎಂದು ನಾವು ಒಮ್ಮೆಯೂ ನೋಡಲಿಲ್ಲ.

ಬಿಗ್ ಫೈವ್: ಇದ್ದದ್ದರಲ್ಲಿ ಗಟ್ಟಿ, ಆದರೂ ಮಿತಿ ಇದೆ

ಮನಶ್ಶಾಸ್ತ್ರದವರು ಹೆಚ್ಚಾಗಿ ನಂಬುವುದು ಬಿಗ್ ಫೈವನ್ನು. ಇದು ಹುಟ್ಟಿದ ರೀತಿ ನನಗೆ ತುಂಬಾ ಇಷ್ಟ. ಮನುಷ್ಯರ ನಡುವೆ ಮುಖ್ಯವಾದ ವ್ಯತ್ಯಾಸ ಯಾವುದೇ ಇದ್ದರೂ ಅದಕ್ಕೆ ಭಾಷೆಯಲ್ಲಿ ಒಂದು ಪದ ಹುಟ್ಟಿಯೇ ಇರುತ್ತದೆ ಎಂಬುದು ಅದರ ಬುಡ. 1936ರಲ್ಲಿ ಆಲ್‌ಪೋರ್ಟ್ ಮತ್ತು ಓಡ್‌ಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ಇಂಗ್ಲಿಷ್ ನಿಘಂಟು ಜಾಲಾಡಿ ಹೆಚ್ಚುಕಡಿಮೆ 18,000 ಪದ ಹೆಕ್ಕಿದರು. ನಮ್ಮಲ್ಲಾದರೆ ಮುಂಗೋಪಿ, ಪುಕ್ಕಲ, ಹಠಮಾರಿ, ಮೈಗಳ್ಳ, ವಾಚಾಳಿ, ಅಚ್ಚುಕಟ್ಟಿನವಳು ಅನ್ನುವ ಥರದವು. ಯಾವ ಪದಗಳು ಜೊತೆಜೊತೆಗೆ ಬರುತ್ತವೆ ಎಂದು ಮುಂದಿನ ದಶಕಗಳಲ್ಲಿ ಲೆಕ್ಕ ಹಾಕುತ್ತಾ ಹೋದಾಗ ಐದು ಗುಂಪು ನಿಂತವು: ಹೊಸತಿಗೆ ತೆರೆದ ಮನಸ್ಸು, ಶ್ರದ್ಧೆ, ಜನರ ಜೊತೆ ಬೆರೆಯುವುದು, ಹೊಂದಿಕೊಳ್ಳುವ ಗುಣ, ಬೇಗ ಕಳವಳಗೊಳ್ಳುವುದು.

ಇಲ್ಲಿ ಗೆರೆ ಎಳೆದು ಎರಡು ಮಾಡುವುದಿಲ್ಲ. ಪ್ರತಿ ಗುಣದಲ್ಲೂ ನೀವು ಎಷ್ಟರಲ್ಲಿದ್ದೀರಿ ಎಂದು ಮಾತ್ರ ಹೇಳುತ್ತದೆ. ಬ್ಯಾರಿಕ್ ಮತ್ತು ಮೌಂಟ್ ಎಂಬ ಸಂಶೋಧಕರು 1991ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗ, ಐದರಲ್ಲಿ ಶ್ರದ್ಧೆಯೊಂದು ಎಲ್ಲ ಬಗೆಯ ಕೆಲಸಗಳಲ್ಲೂ ಒಳ್ಳೆಯ ಕೆಲಸಗಾರಿಕೆಯ ಜೊತೆ ಬಂತು. ಹೆಚ್ಚು ಬೆರೆಯುವ ಗುಣ ಮಾರಾಟದಂಥ ಕೆಲಸಗಳಲ್ಲಿ ನೆರವಾಯಿತು. ದುಡ್ಡು ಕೊಡಬೇಕಾಗಿಲ್ಲ, ಐಪಿಐಪಿ ಎಂಬ ಪ್ರಶ್ನೆಗಳ ಭಂಡಾರ ಎಲ್ಲರಿಗೂ ತೆರೆದಿದೆ.

ಆದರೆ ಆ ಪ್ರಶ್ನೆಗಳನ್ನು ಹತ್ತಿರದಿಂದ ನೋಡಿ. ಒಂದು ವಾಕ್ಯ ಹೀಗಿದೆ: 'ನಾನು ಪಾರ್ಟಿಯ ಜೀವ.' ಇಂಗ್ಲಿಷಿನಲ್ಲಿ ಅದು ನುಡಿಗಟ್ಟು, ಕೂಟದಲ್ಲಿ ಎಲ್ಲರನ್ನೂ ನಗಿಸುವವರು ಎಂದರ್ಥ. ಕನ್ನಡ ಮೀಡಿಯಂನ ಒಬ್ಬ ಹುಡುಗ ನನ್ನೆದುರು ಅದನ್ನು ಎರಡು ಸಲ ಓದಿದ. 'ಯಾವ ಪಾರ್ಟಿ ಸಾರ್?' ಎಂದ. ಅವನ ಮಟ್ಟಿಗೆ ಪಾರ್ಟಿ ಎಂದರೆ ಚುನಾವಣೆಗೆ ನಿಲ್ಲುವುದು. 'ಇಲ್ಲ' ಎಂದು ಟಿಕ್ ಮಾಡಿದ. ಊರ ಹಬ್ಬದಲ್ಲಿ ಮೈಕ್ ಹಿಡಿದು ನಿಲ್ಲುವ ಹುಡುಗ ಅವನು. 'ಊರ ಜಾತ್ರೆ, ಮದುವೆಮನೆಗಳಲ್ಲಿ ನಾನೇ ಮುಂದೆ ನಿಂತು ಎಲ್ಲರನ್ನೂ ಮಾತಾಡಿಸುತ್ತೇನೆ' ಎಂದು ಕೇಳಿದ್ದರೆ ಉತ್ತರ ಬೇರೆಯೇ ಬರುತ್ತಿತ್ತು.

ಇನ್ನೊಂದು ವಾಕ್ಯ: 'ಮನೆಗೆಲಸವನ್ನು ತಡ ಮಾಡದೆ ಮುಗಿಸುತ್ತೇನೆ.' ಇದು ಶ್ರದ್ಧೆ ಅಳೆಯಲು ಇಟ್ಟದ್ದು. ನಮ್ಮ ಎಷ್ಟೋ ಮನೆಗಳಲ್ಲಿ ಪಾತ್ರೆ ತೊಳೆಯುವುದು ಹುಡುಗಿಯ ಪಾಲಿಗೆ ಬಿದ್ದಿರುತ್ತದೆ. ಅವಳ ಅಣ್ಣನಿಗೆ ಆ ಕೆಲಸವನ್ನು ಯಾರೂ ಹೇಳಿಯೇ ಇರುವುದಿಲ್ಲ. ಅವಳಿಗೆ ಬರುವ ಅಂಕದಲ್ಲಿ ಸ್ವಭಾವ ಎಷ್ಟು, ಮನೆಯ ಕಟ್ಟುಪಾಡು ಎಷ್ಟು? ಹಾಗಾಗಿ ಪರೀಕ್ಷೆ ಕೊಡುವವರನ್ನು ಕೇಳಿ: ಇದು ಕನ್ನಡದಲ್ಲಿ ಇದೆಯಾ? ನಮ್ಮಂಥವರ ಮೇಲೆ ಪ್ರಯೋಗಿಸಿ ನೋಡಿದ್ದೀರಾ? ಸುಮ್ನೆ ಪದಕ್ಕೆ ಪದ ಅನುವಾದ ಮಾಡಿದ್ದಾದರೆ ಅಂಕಗಳನ್ನು ನಂಬುವುದು ಕಷ್ಟ.

ವಯಸ್ಸನ್ನೂ ಮರೆಯಬಾರದು. ಶ್ರದ್ಧೆ ಇಪ್ಪತ್ತರಿಂದ ನಲವತ್ತರ ನಡುವೆ ಸಾಮಾನ್ಯವಾಗಿ ಏರುತ್ತದೆ ಎಂದು ವರ್ಷಗಟ್ಟಲೆ ಜನರನ್ನು ಹಿಂಬಾಲಿಸಿದ ಅಧ್ಯಯನಗಳು ತೋರಿಸಿವೆ. ಹದಿನೇಳರ ಹುಡುಗನ ರೂಮು ಚೆಲ್ಲಾಪಿಲ್ಲಿ ಇದ್ದರೆ ಅದು ಅವನ ಹಣೆಬರಹವಲ್ಲ.

ಬಿಗ್ ಫೈವ್ ಯಾರಿಗೆ? ಐದಾರು ವರ್ಷ ಕೆಲಸ ಮಾಡಿ, 'ಸಂಬಳ ಸರಿ, ಕೆಲಸವೂ ಬರುತ್ತದೆ, ಆದರೂ ಯಾಕೆ ಸುಸ್ತಾಗುತ್ತಿದೆ?' ಎಂದು ಕೇಳಿಕೊಳ್ಳುವವರಿಗೆ. ಒಬ್ಬರೇ ಕೂತು ಪ್ರಾಮಾಣಿಕವಾಗಿ ಬರೆದರೆ ಯೋಚಿಸಲು ಒಂದು ದಾರಿ ಸಿಗುತ್ತದೆ. ಪಿಯುಸಿಯಲ್ಲಿ ಏನು ತಗೊಳ್ಳಲಿ ಎನ್ನುವುದಕ್ಕೆ ಇದು ಉತ್ತರ ಕೊಡುವುದಿಲ್ಲ. ಶ್ರದ್ಧೆ ಇರುವ ಡಾಕ್ಟರೂ ಬೇಕು, ಶ್ರದ್ಧೆ ಇರುವ ಬಡಗಿಯೂ ಬೇಕು, ಅಲ್ವಾ?

ಕೋರ್ಸ್ ಆರಿಸಲು: ಹಾಲೆಂಡರ ಆಸಕ್ತಿ ಪರೀಕ್ಷೆ

ಮಕ್ಕಳ ವಿಷಯದಲ್ಲಿ ನಾನು ಮೊದಲು ತೆಗೆಯುವುದು ಇದನ್ನೇ. ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅಮೆರಿಕದ ಸೈನ್ಯದಲ್ಲಿದ್ದಾಗ, ಸೇರಲು ಬಂದವರನ್ನು ಮಾತಾಡಿಸುವ ಕೆಲಸ ಮಾಡುತ್ತಿದ್ದರು. ಜನರ ಇಷ್ಟಗಳು ಕೆಲವೇ ಬಗೆಯಲ್ಲಿ ಗುಂಪಾಗುತ್ತವೆ ಎಂದು ಅಲ್ಲಿ ಅವರಿಗೆ ಅನ್ನಿಸಿತು. 1959ರಲ್ಲಿ ಅದನ್ನು ಸಿದ್ಧಾಂತವಾಗಿ ಬರೆದರು. ಆರು ಬಗೆ: ಕೈಕೆಲಸ ಮತ್ತು ಯಂತ್ರ, ಹುಡುಕಾಟ ಮತ್ತು ಸಂಶೋಧನೆ, ಕಲೆ, ಜನರಿಗೆ ನೆರವಾಗುವುದು, ವ್ಯಾಪಾರ ಮತ್ತು ಮುಂದಾಳುತನ, ಲೆಕ್ಕಪತ್ರದ ಅಚ್ಚುಕಟ್ಟು ಕೆಲಸ. ಹೆಚ್ಚಿನವರಲ್ಲಿ ಎರಡು ಮೂರು ಬೆರೆತಿರುತ್ತವೆ.

ಇದನ್ನೇ ಆಧರಿಸಿ ಅಮೆರಿಕದ ಕಾರ್ಮಿಕ ಇಲಾಖೆ ಮಾಡಿರುವ ಓ-ನೆಟ್ ಇಂಟರೆಸ್ಟ್ ಪ್ರೊಫೈಲರ್ ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. 60 ಪ್ರಶ್ನೆ. 'ನೀನು ಎಂಥವನು' ಎಂದು ಅದು ಕೇಳುವುದೇ ಇಲ್ಲ. ಹೊಸ ಔಷಧಿ ಕಂಡುಹಿಡಿಯುವುದು, ಇಟ್ಟಿಗೆ ಅಥವಾ ಟೈಲ್ಸ್ ಹಾಕುವುದು, ಪುಸ್ತಕ ಅಥವಾ ನಾಟಕ ಬರೆಯುವುದು, ನೀರಿನ ಮಾಲಿನ್ಯ ತಗ್ಗಿಸುವ ದಾರಿ ಹುಡುಕುವುದು ಇಷ್ಟವೋ ಇಲ್ಲವೋ ಎಂದು ಒಂದೊಂದೇ ಕೆಲಸ ಮುಂದಿಡುತ್ತದೆ. ಹದಿನೈದರ ಮಕ್ಕಳಿಗೆ ತಮ್ಮ ಸ್ವಭಾವ ಹೇಳುವುದಕ್ಕಿಂತ ಇಷ್ಟ ಹೇಳುವುದು ಸುಲಭ.

ಬೆರಳಚ್ಚಿನ ರಿಪೋರ್ಟ್ ತಂದಿದ್ದ ಆ ಹುಡುಗಿಗೂ ಇದನ್ನೇ ಕೊಟ್ಟೆ. ನಾನು ಒಂದೊಂದನ್ನೂ ಕನ್ನಡದಲ್ಲಿ ಹೇಳಿದೆ. ಇಟ್ಟಿಗೆ, ಬಡಗಿ ಕೆಲಸ ಬಂದಾಗಲೆಲ್ಲ ಅವಳು ಅಮ್ಮನ ಮುಖ ನೋಡಿ 'ಇಷ್ಟವಿಲ್ಲ' ಅನ್ನುತ್ತಿದ್ದಳು. ಅಮ್ಮನನ್ನು ಒಳಗೆ ಕಾಫಿಗೆ ಕಳಿಸಿ, 'ಸಂಬಳ ಬೇಡ, ಮರ್ಯಾದೆ ಬೇಡ, ಆ ಕೆಲಸ ಕೈಯಲ್ಲಿ ಮಾಡುವಾಗ ಖುಷಿಯಾಗುತ್ತಾ ಅಷ್ಟೇ ಹೇಳು' ಎಂದೆ. ಮನೆಯ ಮಿಕ್ಸಿ ಕೆಟ್ಟಾಗ ತಾನೇ ಬಿಚ್ಚಿ ಕಾರ್ಬನ್ ಬ್ರಷ್ ಬದಲಿಸಿದ್ದನ್ನು ಆಗ ಹೇಳಿದಳು. ಮತ್ತೆ ಮೊದಲಿನಿಂದ ಮಾಡಿದೆವು. ಯಂತ್ರ ಮತ್ತು ಹುಡುಕಾಟ ಎರಡೂ ಮೇಲೆ ಬಂದವು. ಕೈಕೆಲಸವನ್ನು ಕೀಳೆಂದು ನೋಡುವ ನಮ್ಮ ಮನೆಗಳಲ್ಲಿ ಈ ಪರೀಕ್ಷೆ ಬರೆಯುವಾಗ ಅಪ್ಪ ಅಮ್ಮ ಪಕ್ಕದಲ್ಲಿ ಕೂರಬಾರದು.

ಇದಕ್ಕೂ ಮಿತಿ ಇದೆ. ಇಷ್ಟ ಇದ್ದ ಮಾತ್ರಕ್ಕೆ ಸಾಮರ್ಥ್ಯ ಇದೆ ಎಂದಲ್ಲ. ಅದಕ್ಕೆ ಮೂರು ವರ್ಷದ ಅಂಕಪಟ್ಟಿ, ಮೇಷ್ಟ್ರ ಮಾತು ಬೇಕು. ಆಸಕ್ತಿ ಹೆಚ್ಚು ಗಟ್ಟಿಯಾಗುವುದು ಕಾಲೇಜಿನ ವಯಸ್ಸಿಗೆ. ಹಾಗಾಗಿ ಹತ್ತನೇ ಕ್ಲಾಸಿನಲ್ಲಿ ಬಾಗಿಲು ಮುಚ್ಚದ ಕಾಂಬಿನೇಷನ್ ಒಳ್ಳೆಯದು. ಸೈನ್ಸ್ ಓದಿ ಆಮೇಲೆ ಕಾಮರ್ಸ್ ಅಥವಾ ಕಾನೂನಿಗೆ ಹೋಗಬಹುದು, ಕಾಮರ್ಸ್ ಓದಿದವರಿಗೆ ಎಂಜಿನಿಯರಿಂಗ್ ಸಿಇಟಿ ಬರೆಯಲು ದಾರಿ ಇರುವುದಿಲ್ಲ. ಜೊತೆಗೆ ಒಂದು ದಿನ ಆ ಕೆಲಸದ ಜಾಗಕ್ಕೆ ಕಳಿಸಿ. ಅವಳು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಒಂದು ಶನಿವಾರ ಕೂತು ಬಂದಳು. ಸಂಜೆ ಬಂದು ಅವಳು ಕೇಳಿದ ಪ್ರಶ್ನೆಗಳು ಆ ದಪ್ಪ ರಿಪೋರ್ಟಿಗಿಂತ ಹೆಚ್ಚು ಹೇಳಿದವು.

ಕೆಲಸಕ್ಕೆ ಆರಿಸುವವರಿಗೆ

ಪಾಲ್ ಸ್ಯಾಕೆಟ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು 2022ರಲ್ಲಿ ಹಳೆಯ ಲೆಕ್ಕಗಳನ್ನು ತಿದ್ದಿ, ಯಾವ ವಿಧಾನ ಮುಂದಿನ ಕೆಲಸಗಾರಿಕೆಯನ್ನು ಎಷ್ಟು ಊಹಿಸುತ್ತದೆ ಎಂದು ಪ್ರಕಟಿಸಿದರು. ಸೊನ್ನೆ ಎಂದರೆ ಸಂಬಂಧವೇ ಇಲ್ಲ, ಒಂದು ಎಂದರೆ ಪೂರ್ತಿ ಸಂಬಂಧ. ಮೊದಲೇ ಪ್ರಶ್ನೆ ಗೊತ್ತುಮಾಡಿ, ಎಲ್ಲರಿಗೂ ಅದನ್ನೇ ಕೇಳಿ, ಅಂಕ ಹಾಕುವ ಸಂದರ್ಶನಕ್ಕೆ 0.42. ಕೆಲಸದ ತಿಳಿವಳಿಕೆಯ ಪರೀಕ್ಷೆಗೆ 0.40. ಕೆಲಸದ ಒಂದು ತುಣುಕನ್ನೇ ಮಾಡಿಸಿ ನೋಡುವುದಕ್ಕೆ 0.33. ಶ್ರದ್ಧೆಯ ಪರೀಕ್ಷೆಗೆ 0.19. ಮನಸ್ಸಿಗೆ ಬಂದದ್ದು ಕೇಳುವ ಸಂದರ್ಶನಕ್ಕೂ ಅಷ್ಟೇ, 0.19. ಬಯೋಡೇಟಾದಲ್ಲಿ ನಾವು ಮೊದಲು ಹುಡುಕುವ ಅನುಭವದ ವರ್ಷಗಳಿಗೆ ಬರೀ 0.07.

ಅಂದರೆ ವ್ಯಕ್ತಿತ್ವ ಪರೀಕ್ಷೆಗಳಲ್ಲಿ ಗಟ್ಟಿಯಾದದ್ದು ಕೂಡ ಒಳ್ಳೆ ಸಂದರ್ಶನದ ಅರ್ಧಕ್ಕೆ ಬರುವುದಿಲ್ಲ. ಮೇಲಾಗಿ ಕೆಲಸ ಬೇಕಾದವರು ಬರೆಯುವಾಗ 'ನಾನು ಕೆಲಸ ಮುಂದೂಡುತ್ತೇನೆ' ಎಂದು ಯಾರು ಟಿಕ್ ಮಾಡುತ್ತಾರೆ? ಪ್ರಾಮಾಣಿಕವಾಗಿ ಬರೆದವರಿಗೇ ಅಲ್ಲಿ ನಷ್ಟ.

ಈಗ ನಾನು ಬಿಲ್ಲಿಂಗ್ ಕೆಲಸಕ್ಕೆ ಬಂದವರ ಮುಂದೆ 20 ಬಿಲ್ ಇಡುತ್ತೇನೆ. ನಲವತ್ತು ನಿಮಿಷ. ಒಂದರಲ್ಲಿ 5 ಪರ್ಸೆಂಟ್ ಇರಬೇಕಾದ ಕಡೆ 18 ಪರ್ಸೆಂಟ್ ಜಿಎಸ್‌ಟಿ ಹಾಕಿರುತ್ತೇವೆ. ಒಂದರಲ್ಲಿ ಕೂಡಿಸಿದ್ದು ತಪ್ಪು. ಒಂದು ಬಿಲ್ ಎರಡು ಸಲ ಸೇರಿರುತ್ತದೆ. ಮೂರೂ ಹಿಡಿದವರು ಇದ್ದಾರೆ. ಎರಡು ಹಿಡಿದು, ಮೂರನೆಯದರ ಪಕ್ಕ ಪೆನ್ಸಿಲಿನಲ್ಲಿ 'ಇದು ಮತ್ತೆ ಬಂದ ಹಾಗಿದೆ, ಪಾರ್ಟಿಗೆ ಫೋನ್ ಮಾಡಿ ಕೇಳಬೇಕು' ಎಂದು ಬರೆದ ಒಬ್ಬ ಹುಡುಗನನ್ನು ನಾನು ಮರೆತಿಲ್ಲ. ಶ್ರದ್ಧೆ ಅಳೆಯಲು ಬೇರೆ ಪ್ರಶ್ನೆಪತ್ರಿಕೆ ಬೇಕಾಗಲಿಲ್ಲ. ಬಿಲ್ ಆದಮೇಲೆ ಎಲ್ಲರಿಗೂ ಅದೇ ಐದು ಪ್ರಶ್ನೆ. 'ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದೆ ಇದ್ದಾಗ ಹೋದ ಸಲ ಏನು ಮಾಡಿದಿರಿ?' ಇಂಥವು. ಇಬ್ಬರು ಕೂತು, ಒಬ್ಬರಿಗೊಬ್ಬರು ತೋರಿಸದೆ ಅಂಕ ಬರೆದು, ಆಮೇಲೆ ಮಾತಾಡುತ್ತೇವೆ.

'ಸೈನ್ಯದಲ್ಲಿ ವ್ಯಕ್ತಿತ್ವ ನೋಡಿಯೇ ಆರಿಸ್ತಾರಲ್ಲಾ' ಎಂದು ಕೆಲವರು ಕೇಳುತ್ತಾರೆ. ನಿಜ. ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಬೆಂಗಳೂರಿನಲ್ಲೂ ನಡೆಯುತ್ತದೆ, ವಾಯುಪಡೆಯದು ಮೈಸೂರಿನಲ್ಲಿದೆ. ಚಿತ್ರ 30 ಸೆಕೆಂಡ್ ತೋರಿಸಿ 4 ನಿಮಿಷದಲ್ಲಿ ಕಥೆ ಬರೆಸುತ್ತಾರೆ. ಒಂದೊಂದಕ್ಕೆ 15 ಸೆಕೆಂಡಿನಂತೆ 60 ಪದ ಕೊಟ್ಟು ವಾಕ್ಯ ಬರೆಸುತ್ತಾರೆ. ಆದರೆ ಅದು ಐದು ದಿನದ ಆಯ್ಕೆಯ ಒಂದು ಭಾಗ ಮಾತ್ರ. ಅದೇ ಅಭ್ಯರ್ಥಿ ಗುಂಪಿನ ಜೊತೆ ಹಲಗೆ, ಹಗ್ಗ ಹಿಡಿದು ಅಡೆತಡೆ ದಾಟುವುದನ್ನು ಬೇರೆ ಅಧಿಕಾರಿ ಕಣ್ಣಾರೆ ನೋಡುತ್ತಾರೆ. ಸಂದರ್ಶನ ಮಾಡುವವರು ಇನ್ನೊಬ್ಬರು. ಮೂವರೂ ಕೊನೆಯಲ್ಲಿ ಒಟ್ಟಿಗೆ ಕೂತು ತೀರ್ಮಾನಿಸುತ್ತಾರೆ. ಹದಿನೈದು ನಿಮಿಷದ ಆನ್‌ಲೈನ್ ಟೆಸ್ಟನ್ನು ಅದಕ್ಕೆ ಹೋಲಿಸುವುದು ಸರಿಯಲ್ಲ.

ಆದರೂ ವ್ಯಕ್ತಿತ್ವ ಪರೀಕ್ಷೆ ಬೇಕೇ ಬೇಕು ಎಂದು ನಿಮ್ಮ ಕಂಪನಿ ಹಠ ಹಿಡಿದರೆ ಬಿಗ್ ಫೈವ್ ಮೂಲದ್ದನ್ನೇ ತಗೊಳ್ಳಿ. ಸಂದರ್ಶನ ಮುಗಿದ ಮೇಲೆ ಕೊಡಿ. ಅದೊಂದನ್ನೇ ನೋಡಿ ಯಾರನ್ನೂ ಹೊರಗಿಡಬೇಡಿ. ಎಂಎಂಪಿಐನಂಥ, ಮಾನಸಿಕ ಕಾಯಿಲೆ ಗುರುತಿಸಲು ಆಸ್ಪತ್ರೆಗಳಲ್ಲಿ ಬಳಸುವ ಪರೀಕ್ಷೆಗಳನ್ನು ಗುಮಾಸ್ತರ, ಸೇಲ್ಸ್‌ನವರ ಮುಂದೆ ಇಡಲೇಬೇಡಿ.

ನಿಮ್ಮ ಮುಂದೆ ಲಿಂಕ್ ಬಂದರೆ

ಕೆಲಸ ಹುಡುಕುತ್ತಿರುವವರಿಗೆ ಈಗ ಅರ್ಜಿ ಹಾಕಿದ ಮರುದಿನವೇ ಇಂಥ ಲಿಂಕ್ ಬರುತ್ತದೆ. ಹೆದರಬೇಡಿ. ಪೂರ್ತಿ ಬೇರೆ ಮನುಷ್ಯನ ಹಾಗೆ ಬರೆಯಲೂ ಹೋಗಬೇಡಿ. ಅದೇ ಮಾತನ್ನು ತಿರುಗಿಸಿ ಕೇಳುವ ಪ್ರಶ್ನೆಗಳು ಇರುತ್ತವೆ, ಉತ್ತರ ಒಂದಕ್ಕೊಂದು ಹೊಂದದೆ ಹೋಗುತ್ತದೆ. ಪ್ರಶ್ನೆಗಳನ್ನು 'ಕೆಲಸದ ಜಾಗದಲ್ಲಿ ನಾನು ಹೇಗಿರುತ್ತೇನೆ' ಎಂದುಕೊಂಡು ಓದಿ. ಅಡುಗೆಮನೆಯ, ಗೆಳೆಯರ ನಡುವಿನ ನೀವು ಅಲ್ಲಿ ಬೇಕಾಗಿಲ್ಲ. ಇಂಗ್ಲಿಷ್ ವಾಕ್ಯ ಅರ್ಥವಾಗದಿದ್ದರೆ ಡಿಕ್ಷನರಿ ತೆಗೆಯಿರಿ, ಅಂದಾಜಿನಲ್ಲಿ ಟಿಕ್ ಮಾಡಬೇಡಿ. ಮುಗಿಸಿದ ಮೇಲೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ: ಇದು ಯಾವ ಪರೀಕ್ಷೆ, ನನ್ನ ರಿಪೋರ್ಟ್ ನನಗೆ ಸಿಗುತ್ತದಾ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಮೇಲ್‌ನ ಕೊನೆಗೆ 'ಈ ಕೆಲಸದ ಒಂದು ಸಣ್ಣ ಮಾದರಿ ಕೊಟ್ಟರೆ ಮಾಡಿ ತೋರಿಸುತ್ತೇನೆ' ಎಂಬ ಒಂದು ಸಾಲು ಸೇರಿಸಿ. ನನಗೆ ಅಂಥ ಮೇಲ್ ಬಂದರೆ ಅವತ್ತೇ 20 ಬಿಲ್‌ಗಳನ್ನು ಕಳಿಸುತ್ತೇನೆ.